ಮಾಡೆಲ್ ರೈಲು ನಡುದಾರಿಯಲ್ಲಿ ನಿಂತರೆ: ವೈರಿಂಗ್ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆಯಲ್ಲಿ "ನಮ್ಮ ಲೇಔಟ್‌ನಲ್ಲಿ ಕರೆಂಟ್ ಇಲ್ಲ" ಅಂದರೆ ಜನ ಮೊದಲು ಕೇಳುವುದು "ಯಾವ ಸೆಕ್ಟರ್?" ಅಂತ. ಲೇಔಟ್ ಅಂದರೆ ಇಲ್ಲಿ ಸೈಟು, ಪ್ಲಾಟು. ನನ್ನ ಲೇಔಟ್ ಬೇರೆ, ಮಾಡೆಲ್ ರೈಲಿನದು. ಅದು ನವನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್. ಅದರ ಮೇಲೆ ಎಚ್‌ಒ ಅಳತೆಯ ಹಳಿ, ಒಂದು ಪುಟ್ಟ ಸ್ಟೇಷನ್, ಆಲಮಟ್ಟಿ ಹತ್ತಿರ ರೈಲು ಕೃಷ್ಣೆ ದಾಟುತ್ತದಲ್ಲ, ಆ ನೆನಪಿಗೆ ಒಂದು ಸೇತುವೆ.

ಎಚ್‌ಒ ಅಂದರೆ 1:87. ಎರಡು ಹಳಿಗಳ ನಡುವೆ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಬರಬೇಕು. ಹಾಗಾಗಿ ನನ್ನ ಹಳಿ ಸ್ವಲ್ಪ ಬಡಕಲು. ಗದಗ–ಹೋಟಗಿ ಮಾರ್ಗ ಮೀಟರ್‌ಗೇಜ್ ಇದ್ದಾಗ ಓಡಾಡಿದ ಹಿರಿಯರು ಬಂದರೆ, "ಇದು ಅದೂ ಅಲ್ಲ, ಇದೂ ಅಲ್ಲ" ಅಂತ ನಗುತ್ತಾರೆ. ನಗಲಿ. ರೈಲು ಓಡಿದರೆ ಸಾಕು. ಓಡದೇ ಇದ್ದಾಗ ಏನು ಮಾಡಬೇಕು ಅನ್ನುವುದೇ ಈ ಬರಹ.

ಮೊದಲ ಸಲ ಪೂರ್ತಿ ಲೇಔಟ್ ಸತ್ತಾಗ ನಾನು ಮಾಡಿದ್ದು ಶುದ್ಧ ಹುಚ್ಚುತನ. ಅನುಮಾನ ಬಂದ ಕಡೆಯೆಲ್ಲ ಹಳಿ ಕಿತ್ತೆ. ಮೂರು ದಿನ ಹೋಯಿತು. ದೋಷ ಸಿಗಲಿಲ್ಲ, ಹೊಸ ದೋಷಗಳು ಎರಡು ಹುಟ್ಟಿದವು. ಪಕ್ಕದ ರಸ್ತೆಯಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಕಾಕಾ ಒಬ್ಬರಿದ್ದಾರೆ. ಬೇರೆ ಯಾವುದೋ ಕೆಲಸಕ್ಕೆ ಮನೆಗೆ ಬಂದವರು ಮೇಲೆ ಬಂದು ನೋಡಿದರು.

"ಎಲ್ಲಾ ಯಾಕ ಕಿತ್ತೀದಿ ತಮ್ಮಾ? ಅರ್ಧಾ ಬಿಚ್ಚು. ಉಳಿದ ಅರ್ಧದಾಗ ದೋಷ ಐತೋ ಇಲ್ಲೋ ನೋಡು. ಆಮ್ಯಾಲ ಅದರಾಗ ಮತ್ತ ಅರ್ಧ."

"ಕಾಕಾ, ನಿಮ್ಮ ಮೋಟರ್ ಬ್ಯಾರೆ, ನಮ್ಮ ರೈಲು ಬ್ಯಾರೆ ರೀ."

"ತಾಮ್ರ ಒಂದ ಐತಲ್ಲಪಾ!"

ಕೆಳಗೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಆ ಮಾತಿನ ವಿಸ್ತರಣೆ.

ಹಳಿ ಮುಟ್ಟುವ ಮುಂಚೆ

ಹಳಿಯಲ್ಲಿ ಇರುವುದು 12ರಿಂದ 16 ವೋಲ್ಟ್. ಅದು ಶಾಕ್ ಹೊಡೆಯುವುದಿಲ್ಲ, ಆದರೆ ಶಾರ್ಟ್ ಆದರೆ ಸುಡುತ್ತದೆ. ಗೋಡೆ ಪ್ಲಗ್ಗಿನಿಂದ ಕಂಟ್ರೋಲರ್ (ಹಳಿಗೆ ಕರೆಂಟ್ ಕೊಡುವ ಡಬ್ಬಿ) ತನಕ ಇರುವುದು 230 ವೋಲ್ಟ್. ಆ ಭಾಗ ನಮ್ಮ ಹವ್ಯಾಸದ ಜಾಗ ಅಲ್ಲ. ಕಂಟ್ರೋಲರ್ ಡಬ್ಬಿ ಬಿಚ್ಚಬೇಡಿ. ಅದರ ಕೇಬಲ್ ಸಿಪ್ಪೆ ಸುಲಿದಿದ್ದರೆ ಟೇಪ್ ಸುತ್ತಿ ಸುಮ್ನೆ ಇರಬೇಡಿ, ಬದಲಿಸಿ. ಕೆಲಸ ಮಾಡುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಪಕ್ಕಕ್ಕಿಡಿ.

ಸಾಮಾನು ಜಾಸ್ತಿ ಬೇಡ. ಒಂದು ಸಾಧಾರಣ ಮಲ್ಟಿಮೀಟರ್. ಮೊಸಳೆ ಕ್ಲಿಪ್ ಇರುವ ನಾಲ್ಕು ವೈರ್. ಆಟೊ ಎಲೆಕ್ಟ್ರಿಕ್ ಅಂಗಡಿಯಿಂದ ಮೂರು 12 ವೋಲ್ಟ್ ಬಲ್ಬ್: ಕಾರಿನ ಬ್ರೇಕ್ ಲೈಟಿಗೆ ಹಾಕುವ 21 ವ್ಯಾಟ್, ಬೈಕ್ ಇಂಡಿಕೇಟರ್‌ನ 10 ವ್ಯಾಟ್, ಪಾರ್ಕಿಂಗ್ ಲೈಟಿನ 5 ವ್ಯಾಟ್. ಒಂದು ಎರಡು ರೂಪಾಯಿ ನಾಣ್ಯ. ಒಂದು ನೋಟ್‌ಬುಕ್. ಈ ಬಲ್ಬುಗಳೇ ಮಲ್ಟಿಮೀಟರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶಾರ್ಟೋ, ಕಡಿತವೋ?

ದೋಷ ನೂರು ತರಹ ಕಾಣಬಹುದು, ಆದರೆ ಜಾತಿ ಎರಡೇ. ಕರೆಂಟ್ ಹೋಗಬಾರದ ದಾರಿಯಲ್ಲಿ ಹೋಗುತ್ತಿದ್ದರೆ ಶಾರ್ಟ್. ಹೋಗಬೇಕಾದ ದಾರಿಯಲ್ಲಿ ಹೋಗದೇ ಇದ್ದರೆ ಕಡಿತ. ಕಂಟ್ರೋಲರ್‌ನ ಕೆಂಪು ದೀಪ ಹತ್ತಿ ಎಲ್ಲ ರೈಲೂ ಒಟ್ಟಿಗೆ ನಿಂತರೆ ಶಾರ್ಟ್. ಒಂದು ಕಡೆ ಮಾತ್ರ ರೈಲು ನಿಂತು, ಬೆರಳಿಂದ ತಳ್ಳಿದರೆ ಮುಂದೆ ಹೋಗಿ ಮತ್ತೆ ಓಡಿದರೆ ಕಡಿತ. ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಎರಡಕ್ಕೂ ಹುಡುಕುವ ದಾರಿ ಬೇರೆ.

ಹಂತ 1: ಮೇಜು ಖಾಲಿ ಮಾಡಿ

ಎಲ್ಲ ಎಂಜಿನ್, ಎಲ್ಲ ಬೋಗಿ ತೆಗೆಯಿರಿ. ಒಂದನ್ನೂ ಬಿಡಬೇಡಿ. ಲೈಟ್ ಇರುವ ಬೋಗಿಯ ಚಕ್ರವೂ ಹಳಿಯಿಂದ ಕರೆಂಟ್ ಎಳೆಯುತ್ತದೆ, ಲೋಹದ ಚಕ್ರದ ಇನ್ಸುಲೇಷನ್ ಜರುಗಿದ್ದರೆ ಅದೊಂದೇ ಸಾಕು ಶಾರ್ಟಿಗೆ. ಹಳಿಯ ಮೇಲೆ ಸ್ಕ್ರೂ, ಗುಂಡುಸೂಜಿ, ಸ್ಟೀಲ್ ಸ್ಕೇಲ್ ಬಿದ್ದಿದೆಯಾ ನೋಡಿ. ಈಗ ಪವರ್ ಕೊಡಿ. ಶಾರ್ಟ್ ಹೋಯಿತಾ? ಹಾಗಾದರೆ ದೋಷ ಹಳಿಯಲ್ಲಿಲ್ಲ, ಗಾಡಿಯಲ್ಲಿದೆ. ಒಂದೊಂದೇ ಗಾಡಿ ವಾಪಸ್ ಇಡುತ್ತ ಬನ್ನಿ, ಕಳ್ಳ ತಾನಾಗಿ ಸಿಗುತ್ತಾನೆ.

ಹಂತ 2: ಕಂಟ್ರೋಲರ್ ಒಂದನ್ನೇ ಪರೀಕ್ಷಿಸಿ

ಹಳಿಗೆ ಹೋಗುವ ಎರಡೂ ವೈರ್ ಬಿಚ್ಚಿ, ಕಂಟ್ರೋಲರ್‌ನ ಬಾಯಲ್ಲೇ ವೋಲ್ಟೇಜ್ ನೋಡಿ. ಹಳೆಯ ಡಿಸಿ ಕಂಟ್ರೋಲರ್ ಆದರೆ ಗುಂಡಿ ಪೂರ್ತಿ ತಿರುಗಿಸಿದಾಗ 12 ಅಥವಾ ಸ್ವಲ್ಪ ಮೇಲೆ ಬರಬೇಕು. ಡಿಸಿಸಿ (ಹಳಿಯ ಕರೆಂಟಿನ ಜೊತೆಗೇ ಒಂದೊಂದು ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಆದರೆ ಮೀಟರ್ ಅನ್ನು ಎಸಿ ವೋಲ್ಟ್‌ಗೆ ಇಡಿ. ಸಾಧಾರಣ ಮೀಟರ್ ಆ ಅಲೆಯನ್ನು ಸರಿಯಾಗಿ ಓದುವುದಿಲ್ಲ. ಅಂಕಿಯ ಮೇಲೆ ಜಗಳ ಬೇಡ. ಬಂದ ಅಂಕಿಯನ್ನು ಬರೆದಿಡಿ, ಮುಂದೆ ಹೋಲಿಸಲು ಬೇಕು. ಇಲ್ಲೇ ಏನೂ ಬರದಿದ್ದರೆ ಹಳಿ ಹುಡುಕುವುದು ದಂಡ.

ಹಂತ 3: ಶಾರ್ಟ್ ಆದರೆ, ಅರ್ಧ ಮಾಡುತ್ತ ಹೋಗಿ

ಕಾಕಾನ ಅಂಗಡಿಯಲ್ಲಿ ಸೀರೀಸ್ ಬಲ್ಬಿನ ಬೋರ್ಡ್ ಇದೆ. ಮೋಟರಿಗೆ ನೇರ ಕರೆಂಟ್ ಕೊಡುವ ಮುಂಚೆ ಬಲ್ಬಿನ ಮೂಲಕ ಕೊಡುತ್ತಾರೆ. ವೈಂಡಿಂಗ್ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಫ್ಯೂಸ್ ಹೋಗುವುದಿಲ್ಲ. ಅದನ್ನೇ ನಾವು 12 ವೋಲ್ಟಿನಲ್ಲಿ ಮಾಡಬೇಕು. ಕಂಟ್ರೋಲರ್‌ನಿಂದ ಹಳಿಗೆ ಹೋಗುವ ಎರಡು ವೈರಿನಲ್ಲಿ ಒಂದನ್ನು ಕತ್ತರಿಸಿದ ಹಾಗೆ ಮಾಡಿ, ನಡುವೆ ಬಲ್ಬ್ ಸೇರಿಸಿ.

ಯಾವ ಬಲ್ಬ್? 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪ್ಸ್ ಬಿಡುತ್ತದೆ. ಮೂರು ಆಂಪ್ಸಿನ ಡಿಸಿಸಿ ಘಟಕಕ್ಕೆ ಅದು ಸರಿ. ಒಂದು ಆಂಪ್ಸಿನ ಸಣ್ಣ ಡಿಸಿ ಕಂಟ್ರೋಲರ್ ಆದರೆ 10 ವ್ಯಾಟ್ ಹಾಕಿ, ಅದು 0.8 ಆಂಪ್ಸ್ ಅಷ್ಟೇ ಬಿಡುತ್ತದೆ. ಈಗ ಶಾರ್ಟ್ ಇದ್ದರೂ ಕಂಟ್ರೋಲರ್ ಟ್ರಿಪ್ ಆಗುವುದಿಲ್ಲ. ಬಲ್ಬ್ ಝಗ್ಗನೆ ಉರಿಯುತ್ತಾ ಇರುತ್ತದೆ. ಹುಷಾರು, ಕಾರಿನ ಬಲ್ಬ್ ಬಿಸಿಯಾಗುತ್ತದೆ. ಪ್ಲಾಸ್ಟಿಕ್ ಮನೆಗಳ ಪಕ್ಕ ಇಡಬೇಡಿ. ನಾನು ಸ್ಟೇಷನ್ನಿನ ಒಂದು ಮೂಲೆ ಕರಗಿಸಿಕೊಂಡು ಕಲಿತೆ.

ಬಲ್ಬ್ ಉರಿಯುತ್ತಿರುವಾಗ ಅರ್ಧ ಲೇಔಟಿನ ಫೀಡರ್ ವೈರ್ (ಮುಖ್ಯ ವೈರಿನಿಂದ ಹಳಿಗೆ ಕರೆಂಟ್ ತರುವ ತುಂಡು) ಬಿಚ್ಚಿ. ಬಲ್ಬ್ ಆರಿತಾ? ದೋಷ ಬಿಚ್ಚಿದ ಅರ್ಧದಲ್ಲಿದೆ. ಆರಲಿಲ್ವಾ? ಉಳಿದ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಎರಡು ಮಾಡಿ. ಹದಿನಾರು ತುಂಡು ಇದ್ದರೆ ನಾಲ್ಕೇ ಸಲಕ್ಕೆ ಒಂದು ತುಂಡಿಗೆ ಬಂದು ನಿಲ್ಲುತ್ತೀರಿ.

ಇಲ್ಲಿ ಎಲ್ಲರೂ ಎಡವುವ ಒಂದು ಕಡೆ ಇದೆ. ಫೀಡರ್ ಬಿಚ್ಚಿದರೂ ಹಳಿಗೆ ಹಳಿ ಸೇರಿಸುವ ಲೋಹದ ಫಿಶ್‌ಪ್ಲೇಟ್ ಮೂಲಕ ಕರೆಂಟ್ ಆ ಕಡೆ ಹೋಗುತ್ತಲೇ ಇರುತ್ತದೆ. ಅರ್ಧ ಮಾಡಿದೆ ಅಂದುಕೊಳ್ಳುತ್ತೀರಿ, ಅರ್ಧ ಆಗಿರುವುದಿಲ್ಲ. ಆ ಗಡಿಯ ಫಿಶ್‌ಪ್ಲೇಟ್‌ಗಳನ್ನೂ ಹಿಂದಕ್ಕೆ ಸರಿಸಿ. ಹೊಸದಾಗಿ ಲೇಔಟ್ ಕಟ್ಟುವವರಿಗೆ ನನ್ನ ಸಲಹೆ: ನಾಲ್ಕೈದು ಕಡೆಯಾದರೂ ಪ್ಲಾಸ್ಟಿಕ್ ಜಾಯಿನರ್ ಹಾಕಿ ಭಾಗ ಮಾಡಿಡಿ. ಮುಂದೆ ನಿಮಗೆ ನೀವೇ ಥ್ಯಾಂಕ್ಸ್ ಹೇಳಿಕೊಳ್ಳುತ್ತೀರಿ.

ಶಾರ್ಟ್ ಅಡಗುವ ಜಾಗಗಳು

ತುಂಡು ಸಿಕ್ಕಿತು. ಅದರಲ್ಲಿ ಎಲ್ಲಿ?

ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ತಿರುಗಿಸಿದಾಗ ಮಾತ್ರ ಶಾರ್ಟ್ ಆದರೆ ಕಣ್ಣು ಮುಚ್ಚಿ ಫ್ರಾಗ್ ಕಡೆ ನೋಡಿ. ಎರಡು ಹಳಿ ಒಂದನ್ನೊಂದು ದಾಟುವ ಚೂಪು ಮೂತಿಯೇ ಫ್ರಾಗ್. ಪೂರ್ತಿ ಲೋಹದ ಫ್ರಾಗ್ ಇರುವ ಪಾಯಿಂಟ್‌ನಲ್ಲಿ, ಬ್ಲೇಡ್ (ಆ ಕಡೆ ಈ ಕಡೆ ಸರಿಯುವ ಹಳಿ) ಯಾವ ಕಡೆ ತಾಗಿದೆಯೋ ಆ ಹಳಿಯ ಕರೆಂಟ್ ಫ್ರಾಗಿಗೆ ಬರುತ್ತದೆ. ಅಂದರೆ ತಿರುಗಿಸಿದಾಗೆಲ್ಲ ಅದರ ಧ್ರುವ ಬದಲಾಗುತ್ತದೆ. ಫ್ರಾಗಿನ ಆಚೆ ಹೊರಡುವ ಎರಡು ಒಳಹಳಿಗಳಿಗೆ ಆ ಕಡೆಯಿಂದಲೂ ಫೀಡರ್ ಇದ್ದು, ನಡುವೆ ಪ್ಲಾಸ್ಟಿಕ್ ಜಾಯಿನರ್ ಇಲ್ಲದಿದ್ದರೆ, ಎರಡು ಧ್ರುವಗಳೂ ಅಲ್ಲಿ ಡಿಕ್ಕಿ ಹೊಡೆಯುತ್ತವೆ. ಎರಡು ಪ್ಲಾಸ್ಟಿಕ್ ಜಾಯಿನರ್ ಹಾಕಿದರೆ ಮುಗಿಯಿತು.

ಪ್ಲಾಸ್ಟಿಕ್ ಫ್ರಾಗ್ ಆದರೆ ಬೇರೆ ಕತೆ. ಎಂಜಿನ್ ಅದರ ಮೇಲೆ ಹೋಗುವಾಗ ಒಂದು ಕ್ಷಣ ಕಿಡಿ ಹಾರಿ ಎಲ್ಲ ನಿಲ್ಲುತ್ತದೆ. ಅಗಲ ಚಕ್ರ ಎರಡು ಹಳಿ ತುದಿಗಳನ್ನು ಒಟ್ಟಿಗೆ ತುಳಿಯುತ್ತದೆ, ಅದಕ್ಕೆ. ಆ ತುದಿಗಳಿಗೆ ಒಂದು ಸೆಂಟಿಮೀಟರ್ ಉದ್ದ ನೇಲ್ ಪಾಲಿಶ್ ಬಳಿಯಿರಿ. ಮನೆಯಲ್ಲಿ ಕೇಳಿ ತೆಗೆದುಕೊಳ್ಳಿ. ಆರು ತಿಂಗಳಿಗೊಮ್ಮೆ ಮತ್ತೆ ಬಳಿಯಬೇಕಾಗುತ್ತದೆ.

ಹಳಿ ಸುತ್ತಿಕೊಂಡು ಬಂದು ಬಂದ ದಾರಿಗೇ ಸೇರಿದರೆ, ಅದು ರಿವರ್ಸ್ ಲೂಪ್. ಅಲ್ಲಿ ಎಡಹಳಿ ಹೋಗಿ ಬಲಹಳಿಗೆ ಅಂಟುತ್ತದೆ. ಬೆರಳಿಟ್ಟು ಒಂದೇ ಹಳಿಯನ್ನು ಹಿಂಬಾಲಿಸಿ ನೋಡಿ, ಗೊತ್ತಾಗುತ್ತದೆ. ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ ಬೇರ್ಪಡಿಸಿ, ಒಳಗಿನ ತುಂಡಿಗೆ ಡಿಸಿಯಲ್ಲಾದರೆ ಧ್ರುವ ಬದಲಿಸುವ ಸ್ವಿಚ್, ಡಿಸಿಸಿಯಲ್ಲಾದರೆ ಧ್ರುವವನ್ನು ತಾನಾಗಿ ಬದಲಿಸುವ ಆಟೊ ರಿವರ್ಸರ್ ಕೊಡಬೇಕು. ಒಳಗಿನ ತುಂಡು ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದ ಇರಲಿ.

ಫೀಡರ್ ಅದಲುಬದಲಾಗಿದ್ದರೂ ಶಾರ್ಟೇ. ಒಂದು ನಿಯಮ ಇಟ್ಟುಕೊಳ್ಳಿ. ನನ್ನದು: ಹೊರಹಳಿ ಕೆಂಪು, ಒಳಹಳಿ ಕಪ್ಪು. ಮನೆಯಲ್ಲಿ ಕೆಂಪು ವೈರ್ ಮುಗಿದಿದೆ ಅಂತ ಹಸಿರು ಹಾಕಬೇಡಿ. ಎರಡು ವರ್ಷದ ನಂತರ ಮೇಜಿನ ಕೆಳಗೆ ಟಾರ್ಚ್ ಕಚ್ಚಿಕೊಂಡು ಮಲಗಿದಾಗ ಆ ಹಸಿರು ಯಾವುದು ಅಂತ ದೇವರಿಗೂ ನೆನಪಿರುವುದಿಲ್ಲ.

ಇನ್ನೊಂದು, ನಮ್ಮ ಸೀಮೆಯ ವಿಶೇಷ. ಒಂದು ಮೇ ತಿಂಗಳಲ್ಲಿ ನನ್ನ ಲೇಔಟ್ ದಿನಾ ಮಧ್ಯಾಹ್ನ ಎರಡೂವರೆಗೆ ಶಾರ್ಟ್ ಆಗುತ್ತಿತ್ತು. ರಾತ್ರಿ ಊಟ ಮುಗಿಸಿ ಹುಡುಕಲು ಕೂತರೆ ಎಲ್ಲ ಸರಿ. ಒಂದು ವಾರ ಕಂಟ್ರೋಲರ್ ಮೇಲೆ ಅನುಮಾನಪಟ್ಟೆ. ಕೊನೆಗೆ ಮಧ್ಯಾಹ್ನವೇ ಮೇಲೆ ಹೋಗಿ, ಬೆವರು ಸುರಿಸುತ್ತ ಬಲ್ಬ್ ಹಾಕಿ ಅರ್ಧ ಅರ್ಧ ಮಾಡುತ್ತ ಬಂದೆ. ಸಿಕ್ಕಿದ್ದು ಮೂರನೇ ಪಾಯಿಂಟ್ ಪಕ್ಕ ಗರಗಸದಲ್ಲಿ ಕತ್ತರಿಸಿದ್ದ ಸಂದು. ಅರ್ಧ ಮಿ.ಮೀ. ಸಂದು ಮುಚ್ಚಿಕೊಂಡು ಹಳಿ ಹಳಿಗೆ ಮುತ್ತಿಡುತ್ತಿತ್ತು. ನಿಕಲ್ ಸಿಲ್ವರ್ ಹಳಿ ಎರಡು ಮೀಟರ್ ಉದ್ದ ಇದ್ದು, 15 ಡಿಗ್ರಿ ಶಾಖ ಏರಿದರೆ ಸುಮಾರು ಅರ್ಧ ಮಿ.ಮೀ. ಹಿಗ್ಗುತ್ತದೆ. ತಗಡಿನ ಚಾವಣಿ ಕೆಳಗಿನ ಕೋಣೆಯಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ 15 ಡಿಗ್ರಿ ಏನು ಮಹಾ! ಹಳೆಯ ಎಟಿಎಂ ಕಾರ್ಡಿನ ಒಂದು ಚೂರು ಕತ್ತರಿಸಿ ಸಂದಿನಲ್ಲಿ ತುರುಕಿ, ಸೂಪರ್ ಗ್ಲೂ ಹಾಕಿ, ಹಳಿಯ ಆಕಾರಕ್ಕೆ ಉಜ್ಜಿದೆ. ಆಮೇಲೆ ಆ ಶಾರ್ಟ್ ಬರಲಿಲ್ಲ. ಕತ್ತರಿಸಿದ ಸಂದನ್ನು ಖಾಲಿ ಬಿಡಲೇಬೇಡಿ.

ಹಂತ 4: ಕಡಿತ ಆದರೆ, ಮೀಟರನ್ನು ನಂಬಬೇಡಿ

ಇದು ನನಗೆ ಅತ್ಯಂತ ಇಷ್ಟದ ಭಾಗ. ಜಾಸ್ತಿ ಜನ ಸೋಲುವುದೂ ಇಲ್ಲೇ.

ಎಂಜಿನ್ ಸೇತುವೆ ದಾಟಿದ ಮೇಲೆ ತೆವಳುತ್ತದೆ, ನಿಲ್ಲುತ್ತದೆ. ಮೀಟರ್ ಇಟ್ಟರೆ ಹಳಿಯಲ್ಲಿ 12 ವೋಲ್ಟ್ ಸರಿಯಾಗಿ ತೋರಿಸುತ್ತದೆ. ಎಂಜಿನ್ ಕೆಟ್ಟಿದೆ ಅಂತ ಬಿಚ್ಚಲು ಕೂರುತ್ತೀರಿ. ತಡೆಯಿರಿ. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಎಳೆಯುತ್ತದೆ. ತುಕ್ಕು ಹಿಡಿದ ಜೋಡಣೆಯಲ್ಲೂ ಅಷ್ಟು ಹನಿ ಹರಿದು ಬರುತ್ತದೆ, ಮೀಟರ್ 12 ಅಂತ ತೋರಿಸಿಬಿಡುತ್ತದೆ. ಎಂಜಿನ್ ಕೇಳುವುದು ಬಿಂದಿಗೆ ನೀರು, ಬರುತ್ತಿರುವುದು ಹನಿ.

ದಾರಿ ಇದೆಯಾ ಅಂತ ನೋಡುವಾಗ ಮೀಟರ್ ಮಾಡುವ ಬೀಪ್ ಕೂಡ ಇದೇ ತರ ಮೋಸ ಮಾಡುತ್ತದೆ. ಹಲವು ಮೀಟರುಗಳು 30 ಓಮ್ ಇದ್ದರೂ "ಪೀ" ಅನ್ನುತ್ತವೆ. ಬರೀ 10 ಓಮ್ ಇರುವ ಕೆಟ್ಟ ಜೋಡಣೆಯಲ್ಲಿ 0.3 ಆಂಪ್ಸ್ ಎಳೆಯುವ ಎಂಜಿನ್ 3 ವೋಲ್ಟ್ ಕಳೆದುಕೊಳ್ಳುತ್ತದೆ. ಬೀಪ್ ಬಂತು ಅಂದರೆ ದಾರಿ ಇದೆ ಅಂತ ಅಷ್ಟೇ. ದಾರಿ ಚೆನ್ನಾಗಿದೆ ಅಂತ ಅಲ್ಲ. ಬೀಪ್ ನೋಡುವಾಗ ಪವರ್ ಆಫ್ ಇರಲಿ, ಕಂಟ್ರೋಲರ್ ಬಿಚ್ಚಿರಲಿ, ಗಾಡಿಗಳು ಹಳಿ ಮೇಲೆ ಇರದಿರಲಿ. ಇಲ್ಲದಿದ್ದರೆ ಎಂಜಿನ್ನಿನ ಮೋಟರೇ ಬೀಪ್ ಅನ್ನಿಸುತ್ತದೆ.

ಹಾಗಾದರೆ ಏನು ಮಾಡಬೇಕು? 5 ವ್ಯಾಟ್ ಬಲ್ಬ್ ತೆಗೆದುಕೊಳ್ಳಿ. ಅದರ ಎರಡು ವೈರನ್ನು ಎಂಜಿನ್ ನಿಂತ ಜಾಗದ ಎರಡು ಹಳಿಗೆ ಕ್ಲಿಪ್ ಮಾಡಿ. ಅದು 0.4 ಆಂಪ್ಸ್ ಎಳೆಯುತ್ತದೆ, ಹೆಚ್ಚುಕಡಿಮೆ ಒಂದು ಎಂಜಿನ್ನಿನಷ್ಟು. ಕಂಟ್ರೋಲರ್ ಹತ್ತಿರ ಬಲ್ಬ್ ಬೆಳ್ಳಗೆ ಉರಿದು, ಇಲ್ಲಿ ಕೆಂಪಗೆ ಮಂಕಾದರೆ, ನಡುವೆ ಎಲ್ಲೋ ವೋಲ್ಟೇಜ್ ಸೋರುತ್ತಿದೆ.

ಈಗ ಬಲ್ಬ್ ಹಾಗೇ ಉರಿಯುತ್ತಿರಲಿ. ಮೀಟರ್ ಅನ್ನು ವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಜೋಡಣೆಯ ಈ ಕಡೆ ಹಳಿಗೆ, ಇನ್ನೊಂದನ್ನು ಅದೇ ಹಳಿಯ ಆ ಕಡೆಗೆ ಮುಟ್ಟಿಸಿ. ಒಂದೇ ಹಳಿ, ನೆನಪಿಡಿ. ಒಳ್ಳೆಯ ಜೋಡಣೆಯಲ್ಲಿ ಸೊನ್ನೆ ಅನ್ನಬಹುದಾದಷ್ಟು ಬರುತ್ತದೆ. ನನ್ನ ಸೇತುವೆಯ ನಂತರದ ಮೊದಲ ಜೋಡಣೆ ಸೊನ್ನೆ. ಎರಡನೆಯದು ಸೊನ್ನೆ. ಮೂರನೆಯದಕ್ಕೆ ಮೊನೆ ಇಟ್ಟರೆ 4.6 ವೋಲ್ಟ್! 12ರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಒಂದು ಉಗುರಿನಗಲದ ತಗಡು ನುಂಗುತ್ತಿತ್ತು. ಹೊರಗೆ ನೋಡಿದರೆ ಆ ಫಿಶ್‌ಪ್ಲೇಟ್ ಫಳಫಳ ಹೊಳೆಯುತ್ತಿತ್ತು. ತೆಗೆದು ನೋಡಿದರೆ ಒಳಗೆ ಬ್ಯಾಲಸ್ಟ್ (ಹಳಿ ಕೆಳಗಿನ ಪುಟ್ಟ ಜಲ್ಲಿ) ಅಂಟಿಸಲು ಹಾಕಿದ್ದ ಫೆವಿಕಾಲ್ ನೀರು ಹೊಕ್ಕು ಗಟ್ಟಿಯಾಗಿತ್ತು.

ಸರಿಪಡಿಸುವಾಗ ಜೋಡಣೆಯನ್ನೇ ಸೋಲ್ಡರ್ ಮಾಡಿಬಿಡುವ ಆಸೆ ಆಗುತ್ತದೆ. ಎಲ್ಲ ಕಡೆ ಮಾಡಬೇಡಿ, ಮೇ ತಿಂಗಳಲ್ಲಿ ಹಳಿಗೆ ಹಿಗ್ಗಲು ಜಾಗ ಬೇಕು. ಬದಲಿಗೆ ಪ್ರತಿ ಹಳಿ ತುಂಡಿಗೂ ಒಂದೊಂದು ಫೀಡರ್ ಕೊಡಿ. ಹಳಿಯ ಹೊರಮೈಯನ್ನು ಬ್ಲೇಡಿನಿಂದ ಕೆರೆದು, ಸ್ವಲ್ಪ ಫ್ಲಕ್ಸ್ ಹಚ್ಚಿ, ವೈರ್ ತುದಿಗೆ ಮೊದಲೇ ಸೋಲ್ಡರ್ ಹಿಡಿಸಿಟ್ಟುಕೊಂಡು, ಬಿಸಿ ಐರನ್ ಎರಡು ಮೂರು ಸೆಕೆಂಡ್ ಇಟ್ಟು ತೆಗೆಯಿರಿ. ಎರಡೂ ಪಕ್ಕ ಒದ್ದೆ ಹತ್ತಿ ಇಟ್ಟರೆ ಪ್ಲಾಸ್ಟಿಕ್ ಸ್ಲೀಪರ್ ಕರಗುವುದಿಲ್ಲ. ಎಳೆದು ನೋಡಿ. ಕಿತ್ತು ಬಂದರೆ ಅದು ಸೋಲ್ಡರ್ ಅಲ್ಲ, ಅಂಟು.

ವೈರ್ ಸಣ್ಣದಾದರೆ

ಮನೆಯಲ್ಲಿ ಬಿದ್ದಿರುವ ಹಳೆಯ ಟೆಲಿಫೋನ್ ವೈರ್ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ, ಎಲ್ಲರೂ ಅದನ್ನೇ ಎಳೆಯುತ್ತಾರೆ. ಅರ್ಧ ಮಿ.ಮೀ. ದಪ್ಪದ ತಾಮ್ರ. ಎಂಟು ಮೀಟರ್ ಹೋಗಿ ಎಂಟು ಮೀಟರ್ ಬಂದರೆ 1.4 ಓಮ್ ಆಗುತ್ತದೆ. ಮನೆ ವೈರಿಂಗಿನ 1.5 ಚದರ ಮಿ.ಮೀ. ವೈರ್ ಆದರೆ ಅಷ್ಟೇ ದೂರಕ್ಕೆ 0.2 ಓಮ್ ಕೂಡ ಇಲ್ಲ. ಮೇಜಿನ ಕೆಳಗೆ ಉದ್ದಕ್ಕೂ ಹೋಗುವ ಮುಖ್ಯ ಜೋಡಿಗೆ 1.5 ಹಾಕಿ. ಅಲ್ಲಿಂದ ಹಳಿಗೆ ಏರುವ ಗೇಣುದ್ದದ ತುಂಡಿಗೆ ಸಣ್ಣ ವೈರ್ ಸಾಕು.

ಡಿಸಿಸಿ ಇದ್ದವರಿಗೆ ಇದು ಸುರಕ್ಷತೆಯ ವಿಷಯ ಕೂಡ. ದಾರಿಯಲ್ಲಿ 5 ಓಮ್ ಸೇರಿಕೊಂಡರೆ, ದೂರದಲ್ಲಿ ಶಾರ್ಟ್ ಆದರೂ 15 ವೋಲ್ಟಿಗೆ 3 ಆಂಪ್ಸ್ ಮಾತ್ರ ಹರಿಯುತ್ತದೆ. 5 ಆಂಪ್ಸಿನ ಬೂಸ್ಟರ್ (ಡಿಸಿಸಿಯಲ್ಲಿ ಹಳಿಗೆ ಕರೆಂಟ್ ಕೊಡುವ ಘಟಕ) ಅದನ್ನು ಶಾರ್ಟ್ ಅಂತ ಗುರುತಿಸುವುದೇ ಇಲ್ಲ. ಆ 45 ವ್ಯಾಟ್ ಸೀದಾ ಶಾಖ ಆಗುತ್ತದೆ, ಬೋಗಿಯ ಚಕ್ರದ ಬುಡ ಕರಗುತ್ತದೆ. ಇದಕ್ಕೇ ನಾಣ್ಯ. ಸೀರೀಸ್ ಬಲ್ಬ್ ತೆಗೆದು, ಪವರ್ ಕೊಟ್ಟು, ಎರಡು ರೂಪಾಯಿ ನಾಣ್ಯವನ್ನು ಎರಡು ಹಳಿಗೆ ಅಡ್ಡ ಇಡಿ. ತಕ್ಷಣ ಟ್ರಿಪ್ ಆಗಬೇಕು. ಎರಡು ಅಡಿಗೊಮ್ಮೆ ಇಡುತ್ತ ಹೋಗಿ. ಎಲ್ಲಿ ಟ್ರಿಪ್ ಆಗದೆ ನಾಣ್ಯ ಬಿಸಿಯಾಗುತ್ತದೋ ಅಲ್ಲಿ ಕೂಡಲೇ ತೆಗೆದು, ಅಲ್ಲೊಂದು ಹೊಸ ಫೀಡರ್ ಕೊಡಿ. ಹಳೆಯ ಡಿಸಿ ಕಂಟ್ರೋಲರ್ ಮೇಲೆ ಈ ಆಟ ಬೇಡ.

ಕೊಳೆ, ಮಳೆ, ಇಲಿ

ಪಾಯಿಂಟ್ ತಿರುಗಿಸುವ ಮೋಟರ್ ಒಮ್ಮೆ ಟಕ್ ಅಂದು ಆಮೇಲೆ ಸುಮ್ಮನಾದರೆ ಬಟನ್ ಒಳಗೇ ಸಿಕ್ಕಿಕೊಂಡಿದೆಯಾ ನೋಡಿ. ಸೊಲೆನಾಯ್ಡ್ ಕಾಯಿಲ್‌ಗೆ ಕರೆಂಟ್ ಬೇಕಿರುವುದು ಕ್ಷಣಮಾತ್ರ. ಸಿಕ್ಕಿಕೊಂಡ ಬಟನ್ ಅದನ್ನು ಸುಟ್ಟುಬಿಡುತ್ತದೆ. ವಾಸನೆಯೇ ಹೇಳುತ್ತದೆ.

ನಮ್ಮಲ್ಲಿ ಗಾಳಿ ಎದ್ದರೆ ಎರೆಮಣ್ಣಿನ ಧೂಳು ಮುಚ್ಚಿದ ಕಿಟಕಿಯಿಂದಲೂ ಬರುತ್ತದೆ. ಹಳಿಯನ್ನು ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪವರ್ ಆಫ್ ಮಾಡಿ, ಕಿಟಕಿ ತೆರೆದು. ಪಾಲಿಶ್ ಕಾಗದದಿಂದ ಉಜ್ಜಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಎಂಜಿನ್ ಚಕ್ರ ಒರೆಸಲು ಮರೆಯಬೇಡಿ, ಅರ್ಧ ಕೊಳೆ ಅಲ್ಲೇ ಇರುತ್ತದೆ.

ಬೆಳಗಾವಿಯಲ್ಲಿರುವ ಗೆಳೆಯನ ಗೋಳು ಉಲ್ಟಾ. ಅಲ್ಲಿ ಜುಲೈ, ಆಗಸ್ಟ್ ಪೂರ್ತಿ ತೇವ. ಫಿಶ್‌ಪ್ಲೇಟ್ ಕಪ್ಪಾಗುತ್ತದೆ, ಪ್ಲೈವುಡ್ ಉಬ್ಬಿ ಹಳಿ ಏಳುತ್ತದೆ. ಮಳೆಗಾಲ ಮುಗಿದ ಮೇಲೆ ಅವನು ಹಂತ 4ನ್ನು ಮೊದಲಿಂದ ಕೊನೆತನಕ ಒಮ್ಮೆ ಮಾಡುತ್ತಾನೆ. ಇಲಿ ಮಾತ್ರ ಎರಡೂ ಊರಿಗೆ ಒಂದೇ. ಒಂದು ವೈರ್ ಅಲುಗಾಡಿಸಿದಾಗ ರೈಲು ಓಡಿ, ಬಿಟ್ಟಾಗ ನಿಂತರೆ, ಮೇಜಿನ ಕೆಳಗೆ ಹಲ್ಲಿನ ಗುರುತು ಹುಡುಕಿ.

ಬಂದು ಹೋಗುವ ದೋಷ

ಇದಕ್ಕೆ ನೋಟ್‌ಬುಕ್ಕೇ ಮದ್ದು. ದೋಷ ಬಂದಾಗೆಲ್ಲ ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆ, ಯಾವ ಎಂಜಿನ್, ಎಲ್ಲಿ, ಪಾಯಿಂಟ್‌ಗಳು ಯಾವ ಕಡೆ ಇದ್ದವು. ಐದಾರು ಸಾಲು ತುಂಬಿದಾಗ ಒಂದು ಸಂಗತಿ ಪದೇ ಪದೇ ಕಾಣುತ್ತದೆ. ನನ್ನ ಪುಸ್ತಕದಲ್ಲಿ "ಮಧ್ಯಾಹ್ನ 2.30" ಅಂತ ನಾಲ್ಕು ಸಲ ಬರೆದಿತ್ತು. ಬರೆದವನು ನಾನೇ, ಓದಲಿಲ್ಲ ಅಷ್ಟೇ.

ಪ್ರತಿ ರಿಪೇರಿ ಆದ ಮೇಲೆ ಆ ವೈರಿಗೆ ಹೆಸರು ಹಚ್ಚಿ. ಮಾಸ್ಕಿಂಗ್ ಟೇಪ್ ಮೇಲೆ ಬರೆದು ಅಂಟಿಸಿದರೆ ನಮ್ಮ ಬಿಸಿಲಿಗೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಒಣಗಿ ಉದುರುತ್ತದೆ. ಪರ್ಮನೆಂಟ್ ಮಾರ್ಕರ್ ತೆಗೆದುಕೊಂಡು ಪ್ಲೈವುಡ್ಡಿನ ಕೆಳಮೈ ಮೇಲೆ, ವೈರಿನ ಪಕ್ಕದಲ್ಲೇ ಬರೆಯಿರಿ. ಮಲಗಿಕೊಂಡು ಓದುವಂತೆ, ದೊಡ್ಡ ಅಕ್ಷರದಲ್ಲಿ.